ಲೈನ್‌ಮನೆಯ ಬಾಕಿ

ತಾನು ಮಾಡಿದ್ದು ಅನ್ಯಾಯ ಎಂದು ಸರ್ಕಾರವೊಂದು ತನ್ನ ಕಾಯ್ದೆಯಲ್ಲೇ ಬರೆದುಕೊಳ್ಳುವುದು ಅಪರೂಪ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲಿ ನಮ್ಮ ಸಂಸತ್ತು ಆ ಕೆಲಸ ಮಾಡಿದೆ. ಬ್ರಿಟಿಷರ ಕಾಲದಲ್ಲಷ್ಟೇ ಅಲ್ಲ, ಸ್ವತಂತ್ರ ಭಾರತದಲ್ಲೂ ಕಾಡನ್ನು ಸರ್ಕಾರದ ಹೆಸರಿಗೆ ಮಾಡಿಕೊಳ್ಳುವಾಗ ಅಲ್ಲೇ ಬಾಳಿದ ಬುಡಕಟ್ಟುಗಳ ಹಕ್ಕನ್ನು ಸರಿಯಾಗಿ ಗುರುತಿಸಲಿಲ್ಲ, ಅದರಿಂದ ಅವರಿಗೆ ಚಾರಿತ್ರಿಕ ಅನ್ಯಾಯವಾಯಿತು ಎಂಬ ಒಪ್ಪಿಗೆ ಅಲ್ಲಿದೆ. ಇಷ್ಟು ಸ್ಪಷ್ಟವಾಗಿ ತಪ್ಪೊಪ್ಪಿಕೊಂಡ ಮೇಲೆ ಬಾಕಿ ತೀರಿಸುವ ಮಾತು ತಾನಾಗಿಯೇ ಬರಬೇಕಿತ್ತು. ಬಂದಿದೆಯೇ, ಬರಬೇಕೇ, ಬಂದರೆ ಯಾರ ಜೇಬಿನಿಂದ ಎಂಬ ಜಗಳ ಕೊಡಗಿನಲ್ಲಿ ಇನ್ನೂ ಮುಗಿದಿಲ್ಲ. ಆ ಜಗಳವನ್ನು ಹತ್ತಿರದಿಂದ ನೋಡಲು ಪಾಲಿಬೆಟ್ಟದಂಥ ಊರು ಬೇರೆ ಸಿಗುವುದು ಕಷ್ಟ.

ಪಾಲಿಬೆಟ್ಟ ದಕ್ಷಿಣ ಕೊಡಗಿನ ಕಾಫಿ ಸೀಮೆಯ ಊರು. ಕನ್ಸಾಲಿಡೇಟೆಡ್ ಕಾಫಿ ಎಂದು ಶುರುವಾಗಿ ಮುಂದೆ ಟಾಟಾ ಕಾಫಿಯಾದ ಕಂಪನಿಯ ನೋಂದಾಯಿತ ಕಚೇರಿ ಇದ್ದದ್ದು ಇಲ್ಲೇ. ಇಲ್ಲಿಂದ ಸಿದ್ದಾಪುರ, ಮಾಲ್ದಾರೆ, ಚೆನ್ನಂಗಿ, ತಿತಿಮತಿ ಕಡೆಗೆ ಹೋದಷ್ಟೂ ತೋಟ ಮುಗಿದು ಕಾಡು ಶುರುವಾಗುವ ಗೆರೆ ಹತ್ತಿರವಾಗುತ್ತದೆ. ಆ ಗೆರೆಯ ಎರಡೂ ಬದಿಯಲ್ಲಿ ಒಂದೇ ಜನ ಇದ್ದಾರೆ. ಒಳಗೆ ಹಾಡಿಗಳಲ್ಲಿ, ಎಂದರೆ ಕಾಡಿನ ಕೇರಿಗಳಲ್ಲಿ, ಜೇನು ಕುರುಬರು, ಬೆಟ್ಟ ಕುರುಬರು, ಯರವರು. ಹೊರಗೆ ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್‌ಮನೆಗಳಲ್ಲೂ ಅವರೇ, ಅವರ ನೆಂಟರೇ. ಗೆರೆ ದಾಟಿದ್ದು ಅವರಲ್ಲ, ಗೆರೆಯೇ ಅವರನ್ನು ದಾಟಿಕೊಂಡು ಹೋಯಿತು ಎಂದರೂ ನಡೆದೀತು.

ಈ ಬಾಕಿಯಲ್ಲಿ ಒಂದರ ಮೇಲೊಂದು ಎರಡು ಪದರ ಇವೆ. ಅಡಿಯದು ಜೀತ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಯರವರು ಗದ್ದೆ ಹಿಡಿದವರ ಆಳುಗಳಾಗಿದ್ದರೆಂದು 19ನೇ ಶತಮಾನದ ಬ್ರಿಟಿಷ್ ಬರಹಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1843ರ ಕಾನೂನು ಗುಲಾಮಗಿರಿಗೆ ಇದ್ದ ನ್ಯಾಯಾಲಯದ ಬೆಂಬಲವನ್ನು ಕಿತ್ತುಹಾಕಿತು. ಆದರೆ ಬಿಡುಗಡೆಯಾದವನ ಕೈಗೆ ಒಂದು ಸೆಂಟು ಭೂಮಿಯನ್ನೂ ಕೊಡಲಿಲ್ಲ. ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಅಡಿಯ, ಪಣಿಯ ಜನರನ್ನು ವರ್ಷದ ಜೀತಕ್ಕೆ ಗೊತ್ತುಮಾಡುವ ಪದ್ಧತಿ 20ನೇ ಶತಮಾನದವರೆಗೂ ಇತ್ತು. ಅಲ್ಲಿನ ಅಡಿಯರೂ ಇಲ್ಲಿನ ಯರವರೂ ಒಂದೇ ಬಳಗ. 1854ರ ಹೊತ್ತಿಗೆ ಯುರೋಪಿಯನ್ನರು ಇಲ್ಲಿ ಕಾಫಿ ತೋಟ ಮಾಡಲು ತೊಡಗಿದಾಗ ಬಿದಿರ ಕಾಡು ಕಡಿಯಲೂ ಗಿಡ ನೆಡಲೂ ಇದೇ ಕೈಗಳು ಬೇಕಾದವು. ಸ್ವಾತಂತ್ರ್ಯದ ನಂತರ 1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ತೋಟದವರೇ ಮನೆ ಕೊಡಬೇಕೆಂದಿತು. ಒಳ್ಳೆಯ ಉದ್ದೇಶದ ಕಾನೂನೇ. ಆದರೆ ಅದರಿಂದ ಸೂರು ಕೆಲಸಕ್ಕೆ ಗಂಟುಬಿತ್ತು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು, ಮುಂಗಡ ತೀರದಿದ್ದರೆ ಕೆಲಸ ಬಿಡುವಂತಿಲ್ಲ. ಮೂರು ತಲೆಮಾರು ಒಂದೇ ಲೈನ್‌ನಲ್ಲಿ ಹುಟ್ಟಿ ಸತ್ತರೂ ಆ ಗೋಡೆಯ ಮೇಲೆ ಅವರಿಗೆ ಹಕ್ಕಿಲ್ಲ.

ಮೇಲಿನ ಪದರ ಕಾಡಿನದು. ಈ ತೋಟಗಳ ಅಂಚಿನ ನಾಗರಹೊಳೆ ಕಾಡು 1955ರಲ್ಲಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ರಾಷ್ಟ್ರೀಯ ಉದ್ಯಾನದ ಕೆಲಸ ಬಿಗಿಯಾಯಿತು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಇನ್ನಷ್ಟು ಹಾಡಿಗಳು ಹೋದವು. 70ರ ದಶಕದಲ್ಲಿ ಹೊರಹಾಕಿಸಿಕೊಂಡವರಿಗೆ ಕಾಗದ ಕೊಟ್ಟವರಿಲ್ಲ, ಪರಿಹಾರ ಕೊಟ್ಟವರಿಲ್ಲ. ಎಷ್ಟೋ ಜನ ಹತ್ತಿರದ ತೋಟಗಳ ಲೈನ್‌ಮನೆ ಸೇರಿದರು. ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರ ವರದಿಯಲ್ಲಿ ಇಂಥ 3,418 ಕುಟುಂಬಗಳನ್ನು ಗುರುತಿಸಿ, ಇವರಿಗೆ ಪುನರ್ವಸತಿ ಕೊಡಬೇಕೆಂದಿತು. ಅಸ್ಸಾದಿ 2025ರ ಜನವರಿಯಲ್ಲಿ ತೀರಿಕೊಂಡರು. ವರದಿ ಕಡತದಲ್ಲಿ ಆರೋಗ್ಯವಾಗಿದೆ.

ಈ ಎರಡು ಪದರ ಒಟ್ಟಿಗೆ ಸಿಡಿದದ್ದು 2016ರ ಡಿಸೆಂಬರ್‌ನಲ್ಲಿ, ಪಾಲಿಬೆಟ್ಟದಿಂದ ದೂರವಿಲ್ಲದ ದಿಡ್ಡಳ್ಳಿಯಲ್ಲಿ. ಲೈನ್‌ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ಜೆಸಿಬಿ ತಂದು ತೆರವು ಮಾಡಿತು. ಅದು ಮೀಸಲು ಅರಣ್ಯ ಎಂದು ಇಲಾಖೆ, ಅದು ಪೈಸಾರಿ, ಎಂದರೆ ಸರ್ಕಾರಿ ಕಂದಾಯ ಭೂಮಿ, ಎಂದು ಹೋರಾಟಗಾರರು. ಅವರಲ್ಲೊಬ್ಬರಾದ ಜೆ.ಕೆ. ಮುತ್ತಮ್ಮ ಮರವೇರಿ ಪ್ರತಿಭಟಿಸಿದ ಚಿತ್ರ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ಎ.ಕೆ. ಸುಬ್ಬಯ್ಯ ಅವರಂಥ ಕೊಡಗಿನ ಹಿರಿಯರೇ ಬೆಂಬಲಕ್ಕೆ ನಿಂತರು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟು ಮನೆ ಕಟ್ಟಿಸಿತು. ಗೆದ್ದರು ಎಂದು ಬರೆದವರೂ ಇದ್ದರು, ಕೂಲಿ ಸಿಗುವ ತೋಟಗಳಿಂದ ದೂರ ತಂದು ಹಾಕಿದರು ಎಂದು ಬೇಸರಪಟ್ಟವರೂ ಇದ್ದರು. ಎರಡೂ ನಿಜ.

ದಿಡ್ಡಳ್ಳಿಯ ಬಗ್ಗೆ ಕೊಡಗಿನಲ್ಲಿ ಕೇಳಿಬಂದ ಆಕ್ಷೇಪಗಳನ್ನು ಸುಮ್ಮನೆ ತಳ್ಳಿಹಾಕಬಾರದು. ಅಲ್ಲಿ ಕೂತವರೆಲ್ಲ ಅದೇ ಜಾಗದಿಂದ ಒಕ್ಕಲೆದ್ದವರಲ್ಲ, ಬೇರೆ ಕಡೆ ಮನೆ ಇದ್ದವರೂ ಸೇರಿಕೊಂಡಿದ್ದರು, ಹೊರಗಿನವರು ಬಂದು ಕಿಡಿ ಹಚ್ಚಿದರು ಎಂಬ ಮಾತಿತ್ತು. ಒಂದಿಷ್ಟು ನಿಜವಿದ್ದೀತು. ಆದರೆ ಬಾಕಿಯೇ ಗೋಜಲಾಗಿರುವಾಗ ಹಕ್ಕುದಾರರ ಪಟ್ಟಿ ಮಾತ್ರ ಶುದ್ಧವಾಗಿರಬೇಕೆಂದರೆ ಹೇಗೆ? ಕಾಡಿನಿಂದ ಹೊರದೂಡಿಸಿಕೊಂಡವರು ಐವತ್ತು ವರ್ಷ ಒಂದೇ ಕಡೆ ಕಾಯುತ್ತ ಕೂರುವುದಿಲ್ಲ. ತೋಟದಿಂದ ತೋಟಕ್ಕೆ ಚದುರುತ್ತಾರೆ, ಮದುವೆಯಾಗುತ್ತಾರೆ, ಬೆರೆಯುತ್ತಾರೆ. ಆಮೇಲೆ ‘ನೀನು ಯಾವ ಹಾಡಿಯವನು’ ಎಂದು ಕೇಳುವುದು ಚದುರಿಸಿದವರಿಗೇ ಅನುಕೂಲದ ಪ್ರಶ್ನೆ.

ಕಾಡಿನ ಪರವಾಗಿ ಮಾತಾಡುವವರ ವಾದ ಇದಕ್ಕಿಂತ ಬಹಳ ಗಟ್ಟಿ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ ಅಂದಾಜು 141 ಹುಲಿಗಳಿದ್ದವು. ಜಗತ್ತಿನಲ್ಲಿ ಹುಲಿ ಇಷ್ಟು ಒತ್ತಾಗಿ ಬದುಕುವ ಕಾಡು ಕೆಲವೇ. 60, 70ರ ದಶಕದಲ್ಲಿ ಬೇಟೆ, ಮರಗಳ್ಳತನದಿಂದ ಸೊರಗಿದ್ದ ಈ ಕಾಡು ತಾನಾಗಿಯೇ ಚಿಗುರಲಿಲ್ಲ. ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್‌ಗಳು ಮೈಮೇಲೆ ಎಳೆದುಕೊಂಡ ಕಷ್ಟದಿಂದ, ಉಲ್ಲಾಸ ಕಾರಂತರಂಥವರ ಅಧ್ಯಯನದಿಂದ ಅದು ಸಾಧ್ಯವಾಯಿತು. ಹುಲಿಗೆ ಜಿಂಕೆ, ಕಡವೆ ತುಂಬಿದ, ಮನುಷ್ಯನ ಗದ್ದಲವಿಲ್ಲದ ಅಖಂಡ ಜಾಗ ಬೇಕು. ಹಾಡಿಗೆ ಹಕ್ಕುಪತ್ರ ಬಂದರೆ ಅದರ ಹಿಂದೆ ರಸ್ತೆ ಬರುತ್ತದೆ, ಕರೆಂಟು ಬರುತ್ತದೆ, ಅಂಗಡಿ ಬರುತ್ತದೆ, ನಾಳೆ ರೆಸಾರ್ಟು. ಅದನ್ನೆಲ್ಲ ಬೇಕೆನ್ನಲು ಹಾಡಿಯವರಿಗೂ ಹಕ್ಕಿದೆಯಲ್ಲ? ಒಬ್ಬರ ಹಕ್ಕು ಮರಳಿಸಲು ಹೋಗಿ ಇನ್ನೊಂದು ಮೂಕ ಜೀವದ ಕೊನೆಯ ಆಸರೆ ಮುರಿಯಬೇಕೇ ಎಂಬುದು ಅವರ ಪ್ರಶ್ನೆ. ಇದನ್ನು ಕೇಳುವವರನ್ನು ಆದಿವಾಸಿ ದ್ವೇಷಿಗಳು ಎಂದು ಬೈಯುವುದು ಸೋಮಾರಿತನ.

ಅವರ ಇನ್ನೊಂದು ಮಾತೂ ಇದೆ: ಕಾಡಿನೊಳಗಿರುವ ಎಲ್ಲರಿಗೂ ಅಲ್ಲೇ ಇರಬೇಕೆಂಬ ಆಸೆಯಿಲ್ಲ. ಹೆರಿಗೆಯ ಹೊತ್ತಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ, ಸಂಜೆ ಮೇಲೆ ಆನೆಯ ಭಯವಿಲ್ಲದ ದಾರಿ ಬೇಕೆಂದು ತಾವಾಗಿ ಹೊರಬಂದ ಕುಟುಂಬಗಳು ನೂರಾರು. ಹೊರಬರುವ ಕುಟುಂಬಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮೊದಲು 10 ಲಕ್ಷ ರೂಪಾಯಿ ಕೊಡುತ್ತಿತ್ತು, ಅದೀಗ 15 ಲಕ್ಷ. ಭದ್ರಾ ಅಭಯಾರಣ್ಯದಿಂದ 2001-02ರ ಹೊತ್ತಿಗೆ ಎಂ.ಸಿ. ಹಳ್ಳಿ, ಕೆಳಗೂರಿಗೆ ಬಂದವರ ಸ್ಥಳಾಂತರವನ್ನು ಎಲ್ಲರೂ ಮಾದರಿ ಎನ್ನುತ್ತಾರೆ. ಅದು ಒಳ್ಳೆಯದಾಗಿಯೇ ನಡೆಯಿತು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಭದ್ರಾದಿಂದ ಬಂದವರು ಬಹುಪಾಲು ರೈತರು, ಕೈಯಲ್ಲಿ ಪಹಣಿ ಹಿಡಿದವರು, ಬಿಟ್ಟ ಗದ್ದೆಗೆ ಗದ್ದೆ ಕೇಳಲು ಬಲ್ಲವರು. ಜೇನು ಕುರುಬನ ಬಳಿ ಬಿಟ್ಟುಕೊಟ್ಟದ್ದಕ್ಕೆ ಕಾಗದವೂ ಇಲ್ಲ, ಜೇನು ಕೂರುವ ಮರದ ಅಳತೆಗೆ ಸರ್ವೆ ನಂಬರೂ ಇಲ್ಲ. ನಾಗರಹೊಳೆಯಿಂದ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದವರಿಗೆ ಜಮೀನು ಕೊಟ್ಟರೂ, ಬೇಸಾಯ ಕೈಹಿಡಿಯದೆ ಅದನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟು ಕೊಡಗಿನ ತೋಟಕ್ಕೇ ಕೂಲಿಗೆ ಹೋಗುವವರು ಇದ್ದಾರೆ.

15 ಲಕ್ಷ ಎಂಬ ಮೊತ್ತದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದು ಆಗಿಹೋದ ಅನ್ಯಾಯದ ಪರಿಹಾರವಲ್ಲ, ಮುಂದೆ ಖಾಲಿ ಮಾಡುವುದರ ಬೆಲೆ. ಆಗಲೇ ಹೊರದೂಡಿಸಿಕೊಂಡವನಿಗೆ ಅದು ಸಿಗುವುದಿಲ್ಲ, ಯಾಕೆಂದರೆ ಅವನು ಖಾಲಿ ಮಾಡಲು ಈಗ ಅಲ್ಲಿಲ್ಲ. 3,418 ಕುಟುಂಬಗಳು ಬಿದ್ದಿರುವುದು ಈ ಸಂದಿನಲ್ಲಿ.

ಕಾಡಿನ ಪರವಾದ ವಾದವನ್ನು ಕಾಡು ಕಾಯಬೇಕಾದವರೇ ಕೆಡಿಸಿದ ಸಂದರ್ಭವೂ ಇದೆ. 90ರ ದಶಕದಲ್ಲಿ ಹಾಡಿಗಳನ್ನು ಎಬ್ಬಿಸುವ ಮಾತು ನಡೆಯುತ್ತಿರುವಾಗಲೇ ನಾಗರಹೊಳೆಯ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಗೆ ವಸತಿಗೃಹ ಕೊಡುವ ಒಪ್ಪಂದವಾಗಿತ್ತು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. ಆ ಹೋಟೆಲ್ ತೆರೆಯದೆ ಉಳಿದದ್ದಕ್ಕೆ ಹುಲಿಯೂ ಜೇನು ಕುರುಬರಿಗೆ ಋಣಿ. ಇನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಹುಲಿ ರಕ್ಷಿತಾರಣ್ಯದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಓಡಿಹೋಗಲಿಲ್ಲ. ಅದೊಂದೇ ಉದಾಹರಣೆಯಿಂದ ಎಲ್ಲ ಕಾಡಿಗೂ ಸೂತ್ರ ಕಟ್ಟುವುದು ಆತುರವಾದೀತು, ಆದರೂ ಹಕ್ಕು ಕೊಟ್ಟ ಕೂಡಲೇ ಕಾಡು ಹಾಳು ಎಂಬ ಖಚಿತ ಮಾತಿಗೆ ಅದು ತಡೆ.

ಹೊರದೇಶದ ಒಂದು ತೀರ್ಪು ನಮ್ಮ ಕಣ್ಣಿಗೆ ಬೀಳಲೇಬೇಕು. ಕೆನ್ಯಾದ ಮೌ ಅರಣ್ಯದ ಒಗಿಯೆಕ್ ಜನರೂ ಜೇನು ಬೇಟೆಯವರೇ. ಕಾಡು ಉಳಿಸಲು ಅವರನ್ನು ಹೊರಹಾಕಬೇಕು ಎಂದಿತ್ತು ಅಲ್ಲಿನ ಸರ್ಕಾರ. ಆಫ್ರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ, ಕಾಡು ಹಾಳಾದದ್ದು ಇವರಿಂದ ಎಂದು ಸರ್ಕಾರ ಸಾಬೀತು ಮಾಡಿಲ್ಲ ಎಂದು ತೀರ್ಪಿತ್ತಿತು. 2022ರಲ್ಲಿ ಪರಿಹಾರದ ಲೆಕ್ಕವನ್ನೂ ಕೊಟ್ಟಿತು: ಕಳಕೊಂಡ ಆಸ್ತಿಗೆ 5.785 ಕೋಟಿ ಶಿಲ್ಲಿಂಗ್, ಮನಸ್ಸಿಗಾದ ನೋವಿಗೆ 10 ಕೋಟಿ ಶಿಲ್ಲಿಂಗ್, ಜೊತೆಗೆ ನೆಲಕ್ಕೆ ಸಾಮೂಹಿಕ ಹಕ್ಕುಪತ್ರ. ಹಣವನ್ನು ಮನೆಮನೆಗೆ ಹಂಚದೆ ಸಮುದಾಯದ ನಿಧಿಯಲ್ಲಿ ಇಡಲು ಹೇಳಿತು. ಓದಲು ಚೆಂದ. ಆದರೆ ತೀರ್ಪು ಬಂದ ಮರುವರ್ಷವೇ, 2023ರಲ್ಲಿ, ಮೌ ಕಾಡಿನಲ್ಲಿ ಮತ್ತೆ ಒಕ್ಕಲೆಬ್ಬಿಸುವ ಕೆಲಸ ನಡೆಯಿತು. ಬಾಕಿ ಇಷ್ಟು ಎಂದು ಬರೆಸುವುದು ಒಂದು ಹಂತ, ವಸೂಲಿ ಇನ್ನೊಂದು.

ಕೊಡಗಿನಲ್ಲಿ ಈ ಮಾತು ಎತ್ತಿದರೆ ‘ಅನ್ಯಾಯ ಅವರೊಬ್ಬರಿಗೇ ಆಗಿದೆಯಾ?’ ಎಂಬ ಉತ್ತರ ಬರುತ್ತದೆ. ಅದರಲ್ಲೂ ಹುರುಳಿದೆ. ಕೊಡವರೂ ಸಂಖ್ಯೆಯಲ್ಲಿ ಸಣ್ಣ ಜನ. ಟಿಪ್ಪುವಿನ ಕಾಲದಲ್ಲಿ ಅಯ್ಯಂಗೇರಿ ಬಳಿಯ ದೇವಟ್‌ಪರಂಬುವಿನಲ್ಲಿ ನಡೆದ ಹತ್ಯಾಕಾಂಡಕ್ಕೆ ಸ್ಮಾರಕ ಬೇಕೆಂದು ಕೊಡವ ನ್ಯಾಷನಲ್ ಕೌನ್ಸಿಲ್ ವರ್ಷಗಳಿಂದ ಕೇಳುತ್ತಿದೆ. ಸತ್ತವರೆಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆದರೆ ಆ ನೋವು ಸುಳ್ಳಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿದಾಗ ಮಡಿಕೇರಿ ಹೊತ್ತಿಕೊಂಡದ್ದಕ್ಕೆ ಕಾರಣ ಇಲ್ಲಿದೆ. ವಂಶಪಾರಂಪರ್ಯದ ಜಮ್ಮಾ ಹಿಡುವಳಿಯ ಬಾಣೆ ಭೂಮಿಗೆ, ಎಂದರೆ ಗದ್ದೆಗೆ ಸೇರಿದ ಎತ್ತರದ ಜಾಗಕ್ಕೆ, ಪೂರ್ಣ ಒಡೆತನ ಪಡೆಯಲು ಕೊಡಗಿನ ಕುಟುಂಬಗಳು 2011ರ ತಿದ್ದುಪಡಿ ಬರುವವರೆಗೆ ಕಾಯಬೇಕಾಯಿತು. ಐದೆಕರೆ ಕಾಫಿ ಇಟ್ಟುಕೊಂಡು ಆನೆ, ಬೆಲೆ, ಮಳೆ ಮೂರರ ನಡುವೆ ಒದ್ದಾಡುವ ಬೆಳೆಗಾರನಿಗೆ ‘ನಿನ್ನ ಮುತ್ತಜ್ಜನ ಸಾಲ ತೀರಿಸು’ ಎಂದರೆ ಅವನು ಸಿಟ್ಟಾಗದೆ ಇನ್ನೇನು ಮಾಡಿಯಾನು?

ಹಾಗಾದರೆ ಯಾವ ಬಾಕಿ ಮೊದಲು? ನನ್ನ ಅಳತೆ ಇಷ್ಟೇ: ತಪ್ಪು ಮಾಡಿದವರು ಈಗಲೂ ಇದ್ದಾರೆಯೇ, ಪೆಟ್ಟು ತಿಂದವರು ಈಗಲೂ ಇದ್ದಾರೆಯೇ, ಕಿತ್ತುಕೊಂಡದ್ದು ಈಗಲೂ ಕೈಗೆಟಕುವಂತಿದೆಯೇ? ದೇವಟ್‌ಪರಂಬುವಿನಲ್ಲಿ ತಪ್ಪು ಮಾಡಿದ ಪ್ರಭುತ್ವವೂ ಇಲ್ಲ, ಪೆಟ್ಟು ತಿಂದ ಜೀವಗಳೂ ಇಲ್ಲ. ಅಲ್ಲಿ ಸಲ್ಲಬೇಕಾದದ್ದು ನೆನಪು, ಸ್ಮಾರಕ, ಪಠ್ಯದಲ್ಲೊಂದು ಪ್ರಾಮಾಣಿಕ ಪುಟ. ಸ್ಮಾರಕಕ್ಕೆ ನನ್ನ ವಿರೋಧವಿಲ್ಲ. ಹಾಲೇರಿ ಕಾಲದ ಜೀತಕ್ಕೂ ಇದೇ ಅಳತೆ ಹಾಕಿದರೆ ಅದಕ್ಕೂ ಇಂಥದೊಂದು ಪುಟ ಬೇಕು, ಮತ್ತು ಈವರೆಗೆ ಅದನ್ನು ಕೇಳಿದವರೇ ಕಡಿಮೆ. ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳ ಕುಂಡೆ ಹಬ್ಬದಂದು ಆದಿವಾಸಿಗಳು ವೇಷ ಕಟ್ಟಿ ದೇವರನ್ನೂ ಸಾಹುಕಾರರನ್ನೂ ದಾರಿಹೋಕರನ್ನೂ ಬಾಯಿತುಂಬ ಬೈಯುತ್ತಾರೆ. ನಾವು ನಕ್ಕು, ಚಿಲ್ಲರೆ ಕೊಟ್ಟು, ವಿಡಿಯೊ ಮಾಡಿಕೊಂಡು ಬರುತ್ತೇವೆ. ವರ್ಷಕ್ಕೊಂದು ದಿನದ ಆ ಬೈಗುಳವೇ ಜೀತದ ಚರಿತ್ರೆಯ ಬಗ್ಗೆ ಕೊಡಗಿನಲ್ಲಿ ನಡೆಯುವ ಏಕೈಕ ಸಾರ್ವಜನಿಕ ಭಾಷಣ.

ನಾಗರಹೊಳೆಯ ಲೆಕ್ಕ ಬೇರೆ. ಒಕ್ಕಲೆಬ್ಬಿಸಿದ ಇಲಾಖೆ ಅದೇ ಹೆಸರಿನಲ್ಲಿ ಅದೇ ಕಚೇರಿಯಲ್ಲಿದೆ. ಆಗ ಮಕ್ಕಳಾಗಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿ ಲೈನ್‌ಮನೆಗಳಲ್ಲಿದ್ದಾರೆ. ಹೈಕೋರ್ಟಿನ ಸಮಿತಿ ಎಣಿಕೆಯನ್ನೂ ಕೊಟ್ಟಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಅಕ್ರಮವಾಗಿ ಹೊರಹಾಕಿಸಿಕೊಂಡವರಿಗೆ ಅಲ್ಲೇ ಅಥವಾ ಬದಲಿ ಜಾಗದಲ್ಲಿ ಪುನರ್ವಸತಿಯ ಹಕ್ಕಿದೆ ಎಂದು ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ‘ಬದಲಿ ಜಾಗ’ ಎಂಬ ಆಯ್ಕೆ ಅದರಲ್ಲೇ ಇರುವುದರಿಂದ ಹುಲಿಯೋ ಮನುಷ್ಯನೋ ಎಂಬ ಗದ್ದಲ ಈ ಕುಟುಂಬಗಳ ಮಟ್ಟಿಗೆ ಅರ್ಧಕ್ಕರ್ಧ ಅನಗತ್ಯ. ಇವರಲ್ಲಿ ಹೆಚ್ಚಿನವರು ಆಗಲೇ ಕಾಡಿನ ಹೊರಗಿದ್ದಾರೆ.

ಬದಲಿ ಜಾಗ ಎಲ್ಲಿದೆ ಎನ್ನುತ್ತಾರೆ. ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ರಾಜ್ಯ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದುಕೊಂಡಿದೆ. 2005ರ ಜನವರಿ 1ಕ್ಕೆ ಮೊದಲಿನ ಸಾಗುವಳಿಯಾಗಿರಬೇಕು ಎಂಬುದು ಷರತ್ತು. ಬೆಳೆಗಾರರ ಪರವಾಗಿಯೂ ಹೇಳಬೇಕಾದದ್ದಿದೆ: ಇದು ಕಂದಾಯ ಭೂಮಿ, ಕಾಡಲ್ಲ. ಅವರು ಹಣ ಕಟ್ಟುತ್ತಾರೆ, ಒಡೆತನ ಸಿಗುವುದಿಲ್ಲ. ಹಾಗಿದ್ದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಆದಿವಾಸಿ ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್, ಎಂದರೆ ಹತ್ತೆಕರೆಗೆ ಸ್ವಲ್ಪ ಕಡಿಮೆ. ಎರಡರ ಗಡುವೂ ಒಂದೇ ವರ್ಷದ್ದು. ಒಂದು ಕಡೆ ಅತಿಕ್ರಮಣ ಸಕ್ರಮವಾಯಿತು, ದಿಡ್ಡಳ್ಳಿಯಲ್ಲಿ ಜೆಸಿಬಿ ಬಂತು. ಆ ಗುತ್ತಿಗೆ ಹಣ ರಾಜ್ಯದ ಬೊಕ್ಕಸದಲ್ಲಿ ಕರಗಿಹೋಗುವ ಬದಲು ಲೈನ್‌ಮನೆಯವರಿಗೆ ಮನೆ ನಿವೇಶನ, ಸಾಗುವಳಿ ಭೂಮಿ ಕೊಳ್ಳುವ ನಿಧಿಯಾದರೆ ಸಣ್ಣ ಬೆಳೆಗಾರನ ಜೇಬಿಗೆ ಕೈಹಾಕಬೇಕಿಲ್ಲ, ಕಾಡಿನ ಅಂಚೂ ಕದಲಬೇಕಿಲ್ಲ. ಜಾಗ ಮಾತ್ರ ಕೂಲಿ ಸಿಗುವ ತೋಟಗಳ ಹತ್ತಿರವೇ ಇರಬೇಕು.

ಉಳಿದದ್ದು ಕಾಡಿನೊಳಗೇ ಮರಳಬೇಕೆನ್ನುವವರ ವಿಷಯ. 2025ರ ಮೇ 5ರಂದು 52 ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಗೆ ಹೋಗಿ ಗುಡಿಸಲು ಹಾಕಿದವು. ಇದು ನಮ್ಮ ಹಿರಿಯರ ಹಾಡಿ, ನಮ್ಮನ್ನು 80ರ ದಶಕದಲ್ಲಿ ಎಬ್ಬಿಸಿದರು ಎನ್ನುತ್ತಾರೆ ಅವರು. ಇಲಾಖೆ ಒಪ್ಪುವುದಿಲ್ಲ. ಇಲ್ಲಿ ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಹುಲಿ ಕಾಡಿನ ನಡುವೆ ಹೊಸ ವಸತಿ ಬೆಳೆಯುವುದು ನನಗೆ ಹಿತವಲ್ಲ. ಆದರೆ ಅದು ಹೊಸ ವಸತಿಯೋ ಹಳೆಯ ಮನೆಯೋ ಎಂದು ತೀರ್ಮಾನಿಸುವ ರೀತಿ ಅದಕ್ಕಿಂತ ಅಹಿತ. ಅರಣ್ಯ ಹಕ್ಕು ಕೋರುವ ಇಂಥವರ ಅರ್ಜಿಗಳ ವಿರುದ್ಧ ಉಪಗ್ರಹ ಚಿತ್ರವನ್ನು ಮುಂದೊಡ್ಡುವುದು ವಾಡಿಕೆ. ಒಕ್ಕಲೆಬ್ಬಿಸಿದ ಮೇಲೆ ಗುಡಿಸಲ ಜಾಗದಲ್ಲಿ ಮರ ಬೆಳೆಯುತ್ತದೆ, ಚಿತ್ರದಲ್ಲಿ ಹಸಿರು ಕಾಣುತ್ತದೆ, ಮನೆ ಇರಲೇ ಇಲ್ಲ ಎಂದಾಗುತ್ತದೆ. ಉಪಗ್ರಹ ಚಿತ್ರ ಪೂರಕ ಮಾತ್ರ, ಬೇರೆ ಸಾಕ್ಷ್ಯದ ಬದಲಿಯಲ್ಲ ಎಂದು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಹಿರಿಯರ ಹೇಳಿಕೆ, ಸಮಾಧಿ, ದೇವರ ಜಾಗ, ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಗಳು, ದಾಖಲೆಗಳು ಎಲ್ಲವೂ ಅಲ್ಲಿ ಸಾಕ್ಷ್ಯವೇ.

ಈ ಕೊನೆಯದರ ಮೇಲೆ ನನ್ನ ಒತ್ತು. ತೇಗದ ನೆಡುತೋಪಿಗೆ, ಬೆಂಕಿರೇಖೆಗೆ, ಆನೆ ಶಿಬಿರಕ್ಕೆ ದಶಕಗಳ ಕಾಲ ದುಡಿದವರು ಈ ಹಾಡಿಗಳ ಜನ. ದುಬಾರೆ, ಮತ್ತಿಗೋಡಿನ ಮಾವುತರು, ಕಾವಾಡಿಗಳು ಇಂದಿಗೂ ಹೆಚ್ಚಾಗಿ ಇವರೇ. ಕೂಲಿ ಕೊಟ್ಟವರು ಹಾಜರಿ ಪುಸ್ತಕ ಬರೆಯದೆ ಕೊಟ್ಟಿರಲಾರರು. ಯಾವ ಹಾಡಿಯಲ್ಲಿ ಯಾರಿದ್ದರು ಎಂಬ ಪುರಾವೆ ಎಲ್ಲಾದರೂ ಇದ್ದರೆ ಅದು ಇಲಾಖೆಯ ಬೀರುವಿನಲ್ಲೇ ಇರಬೇಕು. ಅರ್ಜಿ ಹಾಕಿದ ಅಕ್ಷರವಿಲ್ಲದ ಮುದುಕಿಯಿಂದ ಕಾಗದ ಕೇಳುವ ಮೊದಲು ಆ ಬೀರು ತೆರೆದು, ಹಳೆಯ ದಾಖಲೆಗಳನ್ನು ಗ್ರಾಮಸಭೆಯ ಮುಂದಿಡಬೇಕು. ಅದರಲ್ಲಿ ಹಾಡಿಯ ಹೆಸರು ಸಿಕ್ಕದಿದ್ದರೆ ಇಲಾಖೆಯ ವಾದಕ್ಕೇ ಬಲ ಬರುತ್ತದೆ, ಸಿಕ್ಕರೆ 52 ಕುಟುಂಬಗಳಿಗೆ. ಎರಡರಲ್ಲಿ ಯಾವುದೇ ಆದರೂ ಈಗಿನ ತಳ್ಳಾಟಕ್ಕಿಂತ ಮೇಲು.